ಕಲ್ಲು ದಾಟಿದ ಕೆಂಪು

ತಾಜುದ್ದೀನನ ಸಮೀಕರಣ ಅರ್ಧ ಹಾಳೆಯಲ್ಲಿ ಹಿಡಿಸುತ್ತಿತ್ತು. ಆ ಅರ್ಧ ಹಾಳೆಗಾಗಿ ಅವನು ಒಂದು ವರ್ಷಕ್ಕೂ ಮೀರಿ ತಲೆ ಕೆಡಿಸಿಕೊಂಡಿದ್ದ. ಹಿಡಿ ತಿರುಗಿಸುವ ಲೆಕ್ಕದ ಯಂತ್ರವನ್ನು ಗರಗರ ತಿರುಗಿಸಿ ಬಲಗೈ ಹೆಬ್ಬೆರಳ ಬುಡ ದಡ್ಡುಗಟ್ಟಿತ್ತು. ಗಣಿತದ ಮೇಷ್ಟ್ರಾಗಿದ್ದವನನ್ನು ಡಾಕ್ಟರ್ ನರಸಿಂಹಯ್ಯನವರು ಹೆಬ್ಬಾಳದ ತಮ್ಮ ಪ್ರಯೋಗಾಲಯಕ್ಕೆ ಕರೆತಂದದ್ದೇ ಈ ಸಮೀಕರಣಕ್ಕೋಸ್ಕರ.

ಪ್ರಯೋಗಾಲಯ ಎಂದರೆ ದೊಡ್ಡದೇನಲ್ಲ. ಕೆರೆಯ ಆಚೆ, ಹೆಂಚು ಹೊದಿಸಿದ ಒಂದು ಹಳೆಯ ಬಂಗಲೆ. ಮುಂದಿನ ಕೋಣೆಯಲ್ಲಿ ನರಸಿಂಹಯ್ಯನವರ ಕಲ್ಲುಗಳು, ಹಿಂದಿನ ಅಡಿಗೆಮನೆಯಲ್ಲಿ ಗಂಗರತ್ನಮ್ಮನವರ ಬ್ಯಾಕ್ಟೀರಿಯಾಗಳು, ನಡುಮನೆಯಲ್ಲಿ ತಾಜುದ್ದೀನನ ಮೇಜು. ಗುಜರಾತಿನ ಕಡೆ ನೆಲದಾಳದಲ್ಲಿ ಎಣ್ಣೆ ಸಿಕ್ಕ ಹೊಸತು ಅದು. ಆ ಎಣ್ಣೆ ಬಾವಿಯ ನೀರಿನ ಹಾಗೆ ಒಂದೆಡೆ ನಿಂತಿರುವುದಿಲ್ಲ. ಮರಳುಗಲ್ಲಿನ ಕಣ್ಣಿಗೆ ಕಾಣದ ಸಂದುಗಳಲ್ಲಿ ಅಡಗಿರುತ್ತದೆ. ಪಂಪು ಹಾಕಿ ಎಳೆದರೆ ಒಂದಷ್ಟು ಬರುತ್ತದೆ, ಮಿಕ್ಕಿದ್ದು ಕಲ್ಲನ್ನು ಬಿಟ್ಟು ಅಲ್ಲಾಡುವುದಿಲ್ಲ. ಮಂಡ್ಯದ ಸಕ್ಕರೆ ಕಾರ್ಖಾನೆಯಿಂದ ಅಗ್ಗಕ್ಕೆ ಸಿಗುವ ಕಾಕಂಬಿಯನ್ನು ನೀರಿಗೆ ಬೆರೆಸಿ, ಅದರ ಜೊತೆ ಬ್ಯಾಕ್ಟೀರಿಯಾಗಳನ್ನು ಬಾವಿಗೆ ಇಳಿಸಿದರೆ, ಅವು ಕಾಕಂಬಿ ತಿಂದು ಗಾಳಿಗುಳ್ಳೆ ಎಬ್ಬಿಸಿ, ಹುಳಿ ಬಿಟ್ಟು, ಉಳಿದ ಎಣ್ಣೆಯನ್ನು ಜರುಗಿಸಬಹುದು ಎಂಬುದು ನರಸಿಂಹಯ್ಯನವರ ಆಸೆ. ಆದರೆ ಅದಕ್ಕೂ ಮುಂಚೆ ಒಂದು ಪ್ರಶ್ನೆ ಇತ್ತು. ಅವು ಕಲ್ಲಿನೊಳಗೆ ಎಷ್ಟು ದೂರ, ಎಷ್ಟು ಬೇಗ ಹೋಗುತ್ತವೆ? ತಾಜುದ್ದೀನ್ ಲೆಕ್ಕದಲ್ಲಿ ಉತ್ತರಿಸಬೇಕಾದದ್ದು ಅದನ್ನು.

ಅವನು ಬ್ಯಾಕ್ಟೀರಿಯಾಗಳನ್ನು ಧೂಳಿನ ಕಣಗಳೆಂದು ಹಿಡಿದಿದ್ದ. ನೀರು ಎಲ್ಲಿಗೆ ಒಯ್ಯುತ್ತದೋ ಅಲ್ಲಿಗೆ ಹೋಗುತ್ತವೆ. ಕೆಲವು ಕಲ್ಲಿಗೆ ಅಂಟಿಕೊಳ್ಳುತ್ತವೆ, ಕೆಲವು ಮುಂದೆ ಸಾಗುತ್ತವೆ. ಪಂಪಿನ ಒತ್ತಡ ಹೇಳಿದರೆ ಸಾಕು, ಆಚೆ ತುದಿಯಲ್ಲಿ ಯಾವಾಗ ಹೊರಬೀಳುತ್ತವೆಂದು ಅವನ ಸಮೀಕರಣ ಹೇಳುತ್ತಿತ್ತು. ಪ್ರಯೋಗದಲ್ಲಿ ಉತ್ತರ ಕೆಲವು ಸಲ ಹೊಂದುತ್ತಿತ್ತು, ಕೆಲವು ಸಲ ಇಲ್ಲ. ಹೊಂದದಿದ್ದಾಗ ಅಂಟಿಕೊಳ್ಳುವ ಅಂಕಿಯನ್ನು ಕೊಂಚ ಏರಿಸಿಯೋ ಇಳಿಸಿಯೋ ಸರಿಮಾಡುತ್ತಿದ್ದ. ನರಸಿಂಹಯ್ಯನವರಿಗೆ ಅದು ಬಹಳ ಹಿಡಿಸಿತ್ತು. ದೆಹಲಿಯ ತೈಲ ಇಲಾಖೆಗೆ ಕಳಿಸುವ ವರದಿಯಲ್ಲಿ ಮೊದಲ ಪುಟಕ್ಕೇ ಅದನ್ನು ಹಾಕಿಸಿದ್ದರು.

ಆ ವರ್ಷ ದಸರಾ ರಜೆ ಶುರುವಾಗುವ ಹೊತ್ತಿಗೆ ಪಂಪಿನ ಮೋಟಾರು ಸುಟ್ಟಿತು. ಅಂಗೈ ಉದ್ದದ ಕಲ್ಲಿನ ತುಂಡೊಂದು ಕಾಕಂಬಿ ನೀರಿನಲ್ಲಿ ನೆನೆದು ಪ್ರಯೋಗಕ್ಕೆ ತಯಾರಾಗಿತ್ತು. ಪಕ್ಕದಿಂದ ಏನೂ ನುಸುಳದಂತೆ ಲೋಹದ ಕೊಳವೆಯೊಳಗೆ ಅದನ್ನು ಅರಗು ಹಾಕಿ ಬಿಗಿದಿದ್ದರು. ಒಂದು ತುದಿಯ ಸೀಸೆಗೆ ಬ್ಯಾಕ್ಟೀರಿಯಾ ಬಿಟ್ಟಾಗಿತ್ತು. ಇನ್ನೊಂದು ತುದಿಯ ಸೀಸೆಯಲ್ಲಿ ಬರೀ ಶುದ್ಧ ಕಾಕಂಬಿ ನೀರು. ಪಂಪು ಇಲ್ಲದ ಮೇಲೆ ನೀರು ಹರಿಯುವ ಮಾತಿಲ್ಲ. ರಜೆ ಮುಗಿಸಿ ಬಂದು ನೋಡೋಣ ಎಂದು ಎಲ್ಲರೂ ಬೀಗ ಹಾಕಿಕೊಂಡು ಹೋದರು.

ವಾಪಸು ಬಂದ ದಿನ ಮೊದಲು ನೋಡಿದವರು ಗಂಗರತ್ನಮ್ಮ. ಬ್ಯಾಟರಾಯನಪುರದ ರೈತರ ಮನೆಯ ಮಗಳು, ಬ್ಯಾಕ್ಟೀರಿಯಾ ಶಾಸ್ತ್ರ ಓದಿ ಬಂದವರು. ಮಾತು ಕಡಿಮೆ, ಕೈ ಬಹಳ ಚೊಕ್ಕಟ. ಅವರು ತಾಜುದ್ದೀನನ ಮೇಜಿನ ಹತ್ತಿರ ಬಂದು ನಿಂತರು.

"ತಾಜುದ್ದೀನ್ ಅವ್ರೇ, ಸ್ವಲ್ಪ ಬರ್ತೀರಾ? ಆಚೆ ಕಡೆ ಸೀಸೆ ಕದಡಿದೆ."

ಅವನು ಹೋಗಿ ನೋಡಿದ. ತಿಳಿಯಾಗಿರಬೇಕಿದ್ದ ಆಚೆಯ ಸೀಸೆ ಗಂಜಿಯ ಹಾಗೆ ಮಬ್ಬಾಗಿತ್ತು. ಅದರಲ್ಲಿ ಬ್ಯಾಕ್ಟೀರಿಯಾ ತುಂಬಿಹೋಗಿದ್ದವು.

"ನೀರೇ ಹರಿದಿಲ್ವಲ್ಲ," ಎಂದ ತಾಜುದ್ದೀನ್.

"ಅದಕ್ಕೇ ಕರೆದಿದ್ದು."

ನೀರು ಹರಿಯದಿದ್ದರೆ ಆ ಸೀಸೆಗೆ ಒಂದೇ ಒಂದು ಕಣವೂ ಬರಬಾರದು. ಅವನ ಸಮೀಕರಣ ಹೇಳುವುದು ಹಾಗೆ, ಖಡಾಖಂಡಿತವಾಗಿ.

ನರಸಿಂಹಯ್ಯನವರು ಬಂದು ಕನ್ನಡಕ ಮೇಲೇರಿಸಿ ನೋಡಿ, ಎರಡು ಮಾತಿನಲ್ಲಿ ಮುಗಿಸಿದರು. "ಹೊರಗಿನ ಕ್ರಿಮಿ ಬಿದ್ದಿದೆ. ಸೀಸೆ ಸರಿಯಾಗಿ ಬೇಯಿಸಿಲ್ಲ ಅನ್ಸತ್ತೆ. ಚೆಲ್ಲಿಬಿಡಮ್ಮ."

ಗಂಗರತ್ನಮ್ಮನವರ ಮುಖ ಬಿಗಿಯಿತು. ಸಿಟ್ಟು ಬಂದರೆ ಅವರ ಬಾಯಲ್ಲಿ ಊರಿನ ಮಾತು ಬರುತ್ತಿತ್ತು. "ಇಂಗಂದ್ರೆ ಎಂಗೆ ಸಾರ್? ಎರಡು ಸೀಸೆನೂ ಕಲ್ಲೂ ಒಟ್ಟಿಗೇ ಬೇಯ್ಸಿದ್ದು, ಒಂದೇ ಹಬೆಯಲ್ಲಿ. ಪಕ್ಕದಲ್ಲಿ ಇಟ್ಟಿದ್ದ ಮಿಕ್ಕ ಸೀಸೆ ಎಲ್ಲಾ ತಿಳಿಯಾಗೇ ಅವೆ. ಇದೊಂದೇ ಕೆಟ್ಟಿತಾ?"

"ಒಂದು ಕೆಡಬಾರದು ಅಂತ ಇದೆಯಾ? ಬರೋ ತಿಂಗಳು ದೆಹಲಿಯಿಂದ ಆಫೀಸರ್ ಬರ್ತಾರೆ. ಇದನ್ನೆಲ್ಲ ಹರಡ್ಕೊಂಡು ಕೂತ್ರೆ ವರದಿ ಏನಾಗ್ಬೇಕು? ನೀನೇನಂತೀಯಾ ತಾಜು?"

ತಾಜುದ್ದೀನ್ ಬಗ್ಗಿ ಸೀಸೆಯನ್ನು ಇನ್ನೊಮ್ಮೆ ನೋಡಿದ. ಹೊರಗಿನದು ಬಿದ್ದಿದೆ ಎಂದರೆ ಅವನ ಸಮೀಕರಣ ಉಳಿಯುತ್ತದೆ, ಗಂಗರತ್ನಮ್ಮನವರ ಕೈಯ ಮೇಲಿನ ನಂಬಿಕೆ ಹೋಗುತ್ತದೆ. ಆದರೆ ಅವನ ತಲೆಯಲ್ಲಿ ಸುಳಿದದ್ದು ಬೇರೆಯೇ. ಅಷ್ಟು ಬಿಗಿಯಾದ ಕಲ್ಲಿನೊಳಗಿಂದ, ಯಾರೂ ತಳ್ಳದೆ, ಏನೋ ಬಂದಿದ್ದರೆ? ಹಾಗೆಂದುಕೊಂಡರೇ ಮೈ ಝುಮ್ಮೆನ್ನುತ್ತಿತ್ತು.

"ಚೆಲ್ಲೋದು ಬೇಡ ಸಾರ್," ಎಂದ. "ಒಂದು ದಿನ ಇರಲಿ."

ನರಸಿಂಹಯ್ಯನವರು ಊಟಕ್ಕೆ ಹೋದ ಮೇಲೆ ಅವನು ಅಡಿಗೆಮನೆಯ ಬಾಗಿಲಲ್ಲಿ ನಿಂತು, ಸಂಕೋಚದಿಂದಲೇ ಕೇಳಿದ. "ಗಂಗರತ್ನಮ್ಮನವ್ರೇ, ಅವು ನೋಡೋಕೆ ಹೆಂಗಿರ್ತವೆ?"

ಆಕೆ ಆಶ್ಚರ್ಯದಿಂದ ತಿರುಗಿದರು. "ನೀವು ನೋಡೇ ಇಲ್ವಾ?"

ನೋಡಿರಲಿಲ್ಲ. ಒಂದು ವರ್ಷ ಅವುಗಳ ಲೆಕ್ಕ ಬರೆದವನು ಒಂದು ಸಲವೂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿರಲಿಲ್ಲ. ಅವನಿಗೆ ಬೇಕಿದ್ದದ್ದು ಅವುಗಳ ಗಾತ್ರ ಮಾತ್ರ; ಅದನ್ನು ಪುಸ್ತಕದಿಂದ ತೆಗೆದುಕೊಂಡಿದ್ದ.

ಆಕೆ ಗಾಜಿನ ಮೇಲೆ ಒಂದು ತೊಟ್ಟು ಇಟ್ಟು, ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಜಾಗ ಬಿಟ್ಟುಕೊಟ್ಟರು. ಮೊದಲು ಬರೀ ಬೆಳಕು ಕಂಡಿತು, ಆಮೇಲೆ ತನ್ನದೇ ರೆಪ್ಪೆ. ಆಕೆ ತಿರುಪನ್ನು ಮೆಲ್ಲಗೆ ಆಡಿಸಿದರು. ತಟ್ಟನೆ ಒಂದು ಸಂತೆಯೇ ಕಣ್ಣಿಗೆ ಬಿತ್ತು. ಜೀರಿಗೆಯಂಥ ಸಣ್ಣ ಕಡ್ಡಿಗಳು ಸರ್ರನೆ ಓಡುತ್ತಿದ್ದವು. ಒಂದು ನೇರ ಹೋಗಿ, ನಿಂತು, ಲಾಗ ಹಾಕಿ, ಬೇರೆಯೇ ದಿಕ್ಕಿಗೆ ತಿರುಗಿ ಮತ್ತೆ ಓಡಿತು. ಒಂದರ ನಡು ಸಣ್ಣದಾಗಿತ್ತು. ಅವನು ನೋಡುತ್ತಿದ್ದ ಹಾಗೆಯೇ ಅದು ಎರಡಾಗಿ ಬೇರೆ ಬೇರೆ ಕಡೆ ಹೊರಟಿತು.

ತಾಜುದ್ದೀನ್ ಬಹಳ ಹೊತ್ತು ತಲೆ ಎತ್ತಲಿಲ್ಲ. ಕತ್ತು ನೋವು ಬಂದಾಗ ಎದ್ದು, "ಇವು ಈಜ್ತವೆ," ಎಂದ.

"ಈಜ್ತವೆ."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಮಗೆ ಗೊತ್ತಿರತ್ತೆ ಅನ್ಕೊಂಡಿದ್ದೆ. ನಿಮ್ಮ ಲೆಕ್ಕ ನಂಗೆ ಅರ್ಥ ಆಗಲ್ಲ. ಅದರೊಳಗೆ ಈಜೋದೂ ಎಲ್ಲೋ ಇರಬೇಕು ಅಂತ ಸುಮ್ಮನಿದ್ದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಗೋಡೆಯೊಂದರ ಆಚೀಚೆ ಅಷ್ಟು ದಿನ ಕೂತು ಕೆಲಸ ಮಾಡಿದವರು ಈ ಮಾತು ಆಡಿಕೊಂಡದ್ದು ಅದೇ ಮೊದಲು.

ಸಂಜೆ ಮತ್ತೀಕೆರೆಯ ಹಾದಿಯಲ್ಲಿ ಸೈಕಲ್ ತುಳಿಯುತ್ತ ತಾಜುದ್ದೀನ್ ಅದನ್ನೇ ಯೋಚಿಸಿದ. ಕಡ್ಡಿಗಳು ಗುರಿಯಿಟ್ಟು ಓಡುತ್ತಿರಲಿಲ್ಲ. ಅತ್ತ ಸ್ವಲ್ಪ, ಇತ್ತ ಸ್ವಲ್ಪ, ಕುಡಿದವನ ನಡಿಗೆ. ಅಂಥ ನಡಿಗೆಯ ಲೆಕ್ಕ ಅವನಿಗೆ ಗೊತ್ತಿತ್ತು. ದಾರಿ ದುಪ್ಪಟ್ಟಾದರೆ ಹಿಡಿಯುವ ಕಾಲ ನಾಲ್ಕು ಪಟ್ಟಾಗುತ್ತದೆ, ದೂರ ಹೋದಂತೆಲ್ಲ ನಿಧಾನ. ಆ ಲೆಕ್ಕದಲ್ಲಿ ಅಂಗೈ ಉದ್ದದ ಕಲ್ಲು ದಾಟುವುದಕ್ಕೆ ದಸರಾ ರಜೆ ಎಲ್ಲಿ ಸಾಲುತ್ತದೆ? ಆದರೆ ಅವು ಎರಡಾಗುತ್ತಿದ್ದವಲ್ಲ.

ಯಶವಂತಪುರದ ಸ್ಟೇಷನ್ ಹಿಂದಿನ ಬೀದಿಯಲ್ಲಿ ಅವನ ಮನೆ. ಹೆಂಡತಿ ಅಕ್ಬರಿ ಬಾಗಿಲ ಬಳಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಬೀಜ ಒಂದು ಮೊರದ ತುಂಬ ಗುಡ್ಡೆಯಾಗಿತ್ತು.

"ಈ ಬೀಜ ನಂಗೆ ಬೇಕು," ಎಂದ. ಮನೆಯೊಳಗೆ ಅವರದು ದಖ್ಖನಿ ಮಾತು.

"ಹುರಿದು ತಿನ್ನೋಕಾ?"

"ಆಡೋಕೆ. ನಿನ್ನ ಕವಡೆನೂ ತಾ."

ಅಕ್ಬರಿಗೆ ಚೌಕಾಬಾರ ಎಂದರೆ ಪ್ರಾಣ. ಗಂಡ ಆಟಕ್ಕೆ ಕರೆದದ್ದು ಯಾವ ಕಾಲದಲ್ಲೋ. ಕೈ ತೊಳೆದು ಬಂದಳು. ತಾಜುದ್ದೀನ್ ಸೀಮೆಸುಣ್ಣದಿಂದ ಗೋಡೆಯ ಬುಡದಿಂದ ಬಾಗಿಲವರೆಗೆ ನೆಲದ ಮೇಲೆ ಮನೆಗಳನ್ನು ಉದ್ದಕ್ಕೆ ಸಾಲಾಗಿ ಬರೆದ. ಗೋಡೆಯ ಹತ್ತಿರದ ಮನೆಯಲ್ಲಿ ಒಂದು ಹಿಡಿ ಬೀಜ ಇಟ್ಟ.

"ಒಂದೊಂದು ಬೀಜಕ್ಕೂ ಒಂದು ಕವಡೆ ಹಾಕು. ಮೊಗಚಿ ಬಿದ್ರೆ ಮುಂದಿನ ಮನೆಗೆ, ಅಂಗಾತ ಬಿದ್ರೆ ಹಿಂದಕ್ಕೆ."

"ಗೆಲ್ಲೋದು ಯಾರು?"

"ಅದನ್ನೇ ನೋಡಬೇಕು."

ಆಡಿದರು. ಬೀಜಗಳು ಮೊದಲು ಒಂದೆರಡು ಮನೆ ಚುರುಕಾಗಿ ಹರಡಿದವು, ಆಮೇಲೆ ತೂಕಡಿಸಿದ ಹಾಗೆ ಅಲ್ಲಲ್ಲೇ ಹಿಂದೆ ಮುಂದೆ ಆದವು. ಅಕ್ಬರಿ ಆಕಳಿಸಿದಳು. "ಇದು ಬಾಗಿಲು ಮುಟ್ಟೋ ಹೊತ್ತಿಗೆ ನಮ್ಮ ಕೂದಲು ನೆರೆಯತ್ತೆ."

"ಈಗ ಇನ್ನೊಂದು ಥರ ಆಡೋಣ. ಪ್ರತಿ ಸುತ್ತು ಮುಗಿದ ಮೇಲೆ ಒಂದೊಂದು ಬೀಜದ ಪಕ್ಕ ಇನ್ನೊಂದು ಬೀಜ ಇಡು. ಅವು ಮರಿ ಹಾಕ್ತವೆ."

ಆಟಕ್ಕೆ ಜೀವ ಬಂತು. ಬೀಜ ಎರಡಾಗಿ, ನಾಲ್ಕಾಗಿ, ಮನೆಯಿಂದ ಮನೆಗೆ ಉಕ್ಕತೊಡಗಿದವು. ಸ್ವಲ್ಪ ಹೊತ್ತಿಗೆ ಮೊರ ಬರಿದಾಯಿತು. ಅಕ್ಬರಿ ಪಕ್ಕದ ಮನೆಯ ಮಲ್ಕಾಳ ಹತ್ತಿರ ಹೋಗಿ ಇನ್ನೊಂದು ಪಾತ್ರೆ ಬೀಜ ತಂದಳು. ಅದೂ ಮುಗಿಯಿತು.

"ಇನ್ನು ಯಶವಂತಪುರದಲ್ಲೇ ಹುಣಸೆಬೀಜ ಇಲ್ಲ," ಎಂದಳು ಅಕ್ಬರಿ. "ಹಿಂದಿನ ಮನೆಗಳು ಹೇಗೂ ತುಂಬಿಹೋಗಿವೆ. ಅಲ್ಲಿ ಇನ್ನೂ ಯಾಕೆ ಇಡ್ಬೇಕು?"

ತಾಜುದ್ದೀನ್ ತಲೆದೂಗಿದ. ಕಲ್ಲಿನಲ್ಲೂ ಹಾಗೆಯೇ: ಹಿಂದಿನ ಸಂದುಗಳಲ್ಲಿ ಕಾಕಂಬಿ ತೀರಿ, ಜಾಗವೂ ತೀರಿ, ಅಲ್ಲಿ ಹೊಸತು ಹುಟ್ಟುವುದಿಲ್ಲ. ತುಂಬಿದ ಮನೆಗೆ ಬೀಜ ಸೇರಿಸುವುದನ್ನು ಬಿಟ್ಟರು, ಮುಂಚೂಣಿಯಲ್ಲಿ ಮಾತ್ರ ಸೇರಿಸುತ್ತ ಹೋದರು. ಈಗ ಅವನು ಕವಡೆಯನ್ನು ನೋಡುವುದು ಬಿಟ್ಟು ಮುಂದಿನ ಬೀಜಗಳನ್ನಷ್ಟೇ ನೋಡತೊಡಗಿದ. ಅವು ನಿಧಾನವಾಗುತ್ತಿರಲಿಲ್ಲ. ಮುಂದಿದ್ದ ಒಂದು ಬೀಜ ಹಿಂದಕ್ಕೆ ಸರಿದರೂ ಅದರ ಮರಿ ಮುಂದಕ್ಕೆ ಹೋಗುತ್ತಿತ್ತು. ಸುತ್ತಿನಿಂದ ಸುತ್ತಿಗೆ, ಒಂದೇ ಹದದಲ್ಲಿ, ಬೀಜದ ಸಾಲು ಬಾಗಿಲ ಕಡೆ ನಡೆದು ಬರುತ್ತಿತ್ತು.

"ನಡೀತಾ ಇದೆ ನೋಡು," ಎಂದ ಅವನು ಮೆಲ್ಲಗೆ.

ಅಕ್ಬರಿ ಕೆನ್ನೆಗೆ ಕೈಕೊಟ್ಟು ನೋಡಿದಳು. "ಯಾವ ಬೀಜಕ್ಕೂ ಬಾಗಿಲು ಎಲ್ಲಿದೆ ಅಂತ ಗೊತ್ತಿಲ್ಲ. ಆದ್ರೂ ಎಲ್ಲಾ ಸೇರಿ ಬರ್ತಾ ಇವೆ."

ಮಾರನೆಯ ದಿನ ಅವನು ಹೊಸ ಸಮೀಕರಣ ಬರೆದ. ಅದರಲ್ಲಿ ಅಲೆದಾಟವಿತ್ತು, ಮರಿ ಹಾಕುವುದಿತ್ತು, ಜಾಗ ತುಂಬಿದರೆ ನಿಲ್ಲುವುದೂ ಇತ್ತು. ಅದು ಹೇಳಿದ ಮಾತು ಒಂದೇ: ಕಲ್ಲು ಎರಡರಷ್ಟು ಉದ್ದವಾದರೆ ದಾಟುವುದಕ್ಕೆ ಎರಡರಷ್ಟೇ ಕಾಲ ಸಾಕು, ನಾಲ್ಕರಷ್ಟು ಬೇಡ.

ಅದನ್ನು ತೆಗೆದುಕೊಂಡು ನರಸಿಂಹಯ್ಯನವರ ಮುಂದೆ ನಿಂತ. ಗಂಗರತ್ನಮ್ಮನವರೂ ಬಂದರು.

"ನಿನ್ನ ಲೆಕ್ಕವನ್ನೇ ನೀನು ಹೊಡೆದು ಹಾಕ್ತಿದೀಯಲ್ಲಯ್ಯ," ಎಂದರು ನರಸಿಂಹಯ್ಯ. ಅವರಿಗೆ ಸಿಟ್ಟಿಗಿಂತ ಸಂಕಟ ಹೆಚ್ಚಾಗಿತ್ತು. "ವರದಿ ದೆಹಲಿ ಸೇರಿ ಆಗಿದೆ."

"ನೀರು ಹರಿಯೋವಾಗ ಅದು ಸರಿ ಸಾರ್. ನೀರು ನಿಂತಾಗ ಅದಕ್ಕೆ ಕಣ್ಣಿಲ್ಲ."

"ಒಂದು ಕದಡಿದ ಸೀಸೆ ಇಟ್ಕೊಂಡು ಇಷ್ಟೆಲ್ಲಾನಾ? ಹೊರಗಿನದೇ ಬಿದ್ದಿದ್ರೆ? ಸೀಸೆ ಒಂದು ಕೂದಲೆಳೆ ಮೇಲೆ ಕೆಳಗೆ ಇದ್ದು ನೀರು ತಾನಾಗೇ ಜಿನುಗಿದ್ರೆ?"

ಕೇಳಬೇಕಾದ ಪ್ರಶ್ನೆಗಳೇ ಅವು. ಗಂಗರತ್ನಮ್ಮನವರು ಅದಕ್ಕೆ ತಯಾರಾಗಿಯೇ ಬಂದಿದ್ದರು. "ನನ್ನ ಹತ್ರ ಒಂದು ಜಾತಿ ಇದೆ ಸಾರ್. ತಟ್ಟೆ ಮೇಲೆ ಗಾಳಿಗೆ ಬೆಳೆಸಿದ್ರೆ ಕುಂಕುಮದ ಹಾಗೆ ಕೆಂಪಗಾಗತ್ತೆ. ಚೆನ್ನಾಗಿ ಈಜತ್ತೆ. ಇನ್ನೊಂದಿದೆ, ಅದು ಹಳದಿ, ಅದಕ್ಕೆ ಈಜೋಕೆ ಬರಲ್ಲ. ಕೆಂಪನ್ನ ಒಂದು ಗಿಡ್ಡ ಕಲ್ಲಿಗೆ, ಅದರ ಎರಡರಷ್ಟು ಉದ್ದದ ಇನ್ನೊಂದು ಕಲ್ಲಿಗೆ ಬಿಡೋಣ. ಹಳದಿಯನ್ನ ಒಂದು ಗಿಡ್ಡ ಕಲ್ಲಿಗೆ. ಇನ್ನೊಂದು ಕಲ್ಲಿಗೆ ಏನೂ ಬಿಡೋದು ಬೇಡ. ಆಚೆ ಕಡೆ ಕೆಂಪೇ ಬಂದ್ರೆ ಅದು ನಮ್ಮದೇ. ಏನೂ ಬಿಡದ ಕಲ್ಲಿನ ಸೀಸೆ ಕದಡಿದ್ರೆ ತಪ್ಪು ನಂದು. ನೀರು ಜಿನುಗೋದಾದ್ರೆ ಹಳದಿಯೂ ಕೆಂಪಿನ ಜೊತೆಗೇ ಬರ್ಬೇಕಲ್ವಾ?"

ನರಸಿಂಹಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. ಮೂವತ್ತು ವರ್ಷ ಕಲ್ಲು ನೋಡಿದ ಮನುಷ್ಯ. ಮೊಂಡರಾದರೂ ಕುತೂಹಲ ಸತ್ತವರಲ್ಲ. "ಸೀಸೆ ಸಮ ಇದೆಯಾ ಅಂತ ನಾನೇ ಮಟ್ಟ ಹಿಡಿದು ನೋಡ್ತೀನಿ," ಎಂದರು. ಅದೇ ಒಪ್ಪಿಗೆ.

ನಾಲ್ಕು ಕೊಳವೆಗಳು ಕಿಟಕಿಯ ಕೆಳಗಿನ ಕಡಪದ ಚಪ್ಪಡಿಯ ಮೇಲೆ ಸಾಲಾಗಿ ಮಲಗಿದವು. ಬೆಳಿಗ್ಗೆ ಮೂವರೂ ಚಪ್ಪಲಿ ಬಿಡುವ ಮುಂಚೆಯೇ ಅಲ್ಲಿಗೆ ಹೋಗುವುದು ರೂಢಿಯಾಯಿತು. ಮೊದಮೊದಲು ಏನೂ ಇಲ್ಲ. ಒಂದು ವಾರದ ಮೇಲೆ ಒಂದು ಬೆಳಿಗ್ಗೆ ಕೆಂಪು ಬಿಟ್ಟ ಗಿಡ್ಡ ಕಲ್ಲಿನ ಆಚೆ ಸೀಸೆ ಮಬ್ಬಾಗಿತ್ತು. ಗಂಗರತ್ನಮ್ಮನವರು ಒಂದು ತೊಟ್ಟು ತೆಗೆದು ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಗೆ ಸವರಿದರು. ಮರುದಿನ ತಟ್ಟೆಯ ಮೇಲೆ ಯಾರೋ ಕುಂಕುಮ ಚಿಮುಕಿಸಿದ ಹಾಗೆ ಕೆಂಪು ಚುಕ್ಕೆಗಳು ಎದ್ದಿದ್ದವು. ಏನೂ ಬಿಡದ ಕಲ್ಲಿನ ಸೀಸೆ ಕೆರೆಯ ತಿಳಿನೀರಿನಂತಿತ್ತು. ಹಳದಿಯ ಸೀಸೆಯೂ ತಿಳಿ.

ನರಸಿಂಹಯ್ಯನವರು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು, ತಿರುಗಿಸಿ ನೋಡಿದರು. ಕೊನೆಗೆ, "ಗಂಗರತ್ನಮ್ಮ, ನಾನು ಅವತ್ತು ಹಾಗೆ ಹೇಳಬಾರದಿತ್ತು," ಎಂದು ತಟ್ಟೆಯನ್ನು ಎರಡೂ ಕೈಯಲ್ಲಿ ವಾಪಸು ಕೊಟ್ಟರು. ಆ ದಿನವೆಲ್ಲ ಅಡಿಗೆಮನೆಯಿಂದ ಆಕೆ ಸಣ್ಣಗೆ ಹಾಡು ಗುನುಗುವುದು ಕೇಳುತ್ತಿತ್ತು.

ಉಳಿದದ್ದು ಉದ್ದ ಕಲ್ಲು. ಅದರ ಮೇಲೆಯೇ ತಾಜುದ್ದೀನನ ಲೆಕ್ಕ ನಿಂತಿತ್ತು. ಇನ್ನೊಂದು ವಾರಕ್ಕೆ ಬರಬೇಕು ಎಂದಿತ್ತು ಸಮೀಕರಣ. ಹೇಳಿದ ದಿನ ಸೀಸೆ ತಿಳಿಯಾಗಿಯೇ ಇತ್ತು. ಮರುದಿನವೂ ಅಷ್ಟೇ. ಅವನಿಗೆ ಊಟ ರುಚಿಸಲಿಲ್ಲ. ಬೀಜದ ಸಾಲು ಎಲ್ಲಿ ನಿಂತಿತು ಎಂದು ಅಕ್ಬರಿ ದಿನಾ ಕೇಳುತ್ತಿದ್ದಳು. ಮೂರನೆಯ ಬೆಳಿಗ್ಗೆ ಅವನು ಬಂದಾಗ ಗಂಗರತ್ನಮ್ಮನವರು ಜಗಲಿಯಲ್ಲೇ ಕಾದು ನಿಂತಿದ್ದರು.

"ಬಂದಿದೆ," ಎಂದರು.

ಒಂಚೂರು ತಡವಾಗಿ ಬಂದಿತ್ತು. ಆದರೆ ನಾಲ್ಕು ಪಟ್ಟು ಎಲ್ಲಿ, ಇದೆಲ್ಲಿ. ತಾಜುದ್ದೀನನಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಹೊರಗೆ ಹೋಗಿ ಬಂಗಲೆಯ ಮುಂದಿನ ಹುಣಸೆಮರದ ಸುತ್ತ ಒಂದು ಸುತ್ತು ನಡೆದು ಬಂದ.

ದೆಹಲಿಯಿಂದ ಬಂದ ಆಫೀಸರು ಮುನಿಕೃಷ್ಣಪ್ಪ, ಮೂಲತಃ ಯಲಹಂಕದ ಕಡೆಯವರು. ಹಾಗಾಗಿ ಮಾತೆಲ್ಲ ಕನ್ನಡದಲ್ಲೇ ನಡೆಯಿತು. ಅವರು ತಟ್ಟೆಗಳನ್ನು ನೋಡಿ, ಹಳೆಯ ಲೆಕ್ಕ, ಹೊಸ ಲೆಕ್ಕ ಎರಡನ್ನೂ ಕೇಳಿ, ನೇರವಾಗಿ ಒಂದೇ ಪ್ರಶ್ನೆ ಹಾಕಿದರು.

"ಒಂದು ಬಾವಿಯಿಂದ ಇನ್ನೊಂದು ಬಾವಿಗೆ ಹೋಗೋಕೆ ಇವಕ್ಕೆ ಎಷ್ಟು ದಿನ ಬೇಕು?"

ತಾಜುದ್ದೀನ್ ಆ ಲೆಕ್ಕವನ್ನೂ ಮಾಡಿದ್ದ. "ಅವುಗಳ ಪಾಡಿಗೆ ಬಿಟ್ರೆ ಹತ್ತು ಹದಿನೈದು ವರ್ಷ ಸಾರ್."

ಮುನಿಕೃಷ್ಣಪ್ಪ ಕುರ್ಚಿಗೆ ಒರಗಿದರು. ನರಸಿಂಹಯ್ಯನವರು ಕಿಟಕಿಯ ಕಡೆ ನೋಡಿದರು. ಗಂಗರತ್ನಮ್ಮನವರು, "ಆದ್ರೆ ಬಾವಿಯಿಂದ ಬಾವಿಗೆ ಅವೇ ನಡ್ಕೊಂಡು ಹೋಗ್ಬೇಕಾಗಿಲ್ವಲ್ಲ," ಎಂದು ತಾಜುದ್ದೀನನ ಕಡೆ ನೋಡಿದರು. ಇದನ್ನು ಅವರಿಬ್ಬರೂ ಹಿಂದಿನ ವಾರವಿಡೀ ಮಾತಾಡಿಕೊಂಡಿದ್ದರು.

ತಾಜುದ್ದೀನ್ ಮುಂದುವರಿಸಿದ. "ನೀರು ದೊಡ್ಡ ಸಂದುಗಳನ್ನೇ ಹಿಡಿದು ಹೋಗತ್ತೆ ಸಾರ್. ಅಲ್ಲಿನ ಎಣ್ಣೆ ಆಗಲೇ ಬಂದುಬಿಟ್ಟಿರತ್ತೆ. ಉಳಿದಿರೋದು ಪಕ್ಕದ ಸಣ್ಣ ಸಂದುಗಳಲ್ಲಿ, ನೀರು ಹೋಗದ ಕಡೆ. ದೂರದ ದಾರಿಗೆ ನೀರು ಹೊತ್ಕೊಂಡು ಹೋಗ್ಲಿ, ಅದಕ್ಕೆ ಹಳೇ ಲೆಕ್ಕ ಸಾಕು. ಆಮೇಲೆ ನೀರು ನಿಲ್ಲಿಸಿಬಿಡೋಣ. ಅಲ್ಲಿಂದ ಪಕ್ಕಕ್ಕೆ ಒಂದು ಗೇಣು, ಎರಡು ಗೇಣು ಅವೇ ಹೋಗ್ತವೆ. ಅದಕ್ಕೆ ವಾರಗಳು ಸಾಕು."

"ಎರಡು ಲೆಕ್ಕನೂ ಬೇಕು ಅಂತೀರಿ."

"ಹೌದು ಸಾರ್. ನಾನು ಒಂದೇ ಸಾಕು ಅನ್ಕೊಂಡಿದ್ದೆ."

ಮುನಿಕೃಷ್ಣಪ್ಪ ಕೆಂಪು ತಟ್ಟೆಯನ್ನು ಇನ್ನೊಮ್ಮೆ ಕೈಗೆತ್ತಿಕೊಂಡರು. "ನಿಜವಾದ ಬಾವಿಯಲ್ಲಿ ಬಿಸಿ ಇರತ್ತೆ, ಉಪ್ಪಿರತ್ತೆ. ಇದು ಅಲ್ಲಿ ಬದುಕುತ್ತೋ ಇಲ್ವೋ," ಎಂದರು. "ಅದನ್ನ ತಾಳೋ ಜಾತಿ ಹುಡುಕಿ. ಇನ್ನೊಂದು ವರ್ಷ ನಡೆಸಿ ನೋಡೋಣ. ಬಾವಿಗೆ ಇಳಿಸೋ ಮಾತು ಆಮೇಲೆ." ಹೆಚ್ಚೇನೂ ಅಲ್ಲ, ಆದರೆ ಬಾಗಿಲು ಮುಚ್ಚಲಿಲ್ಲ. ಅವರ ಕಾರು ಬಳ್ಳಾರಿ ರಸ್ತೆಗೆ ತಿರುಗುವವರೆಗೂ ನರಸಿಂಹಯ್ಯನವರು ಗೇಟಿನಲ್ಲಿ ನಿಂತಿದ್ದು, ಒಳಗೆ ಬಂದು ಎಲ್ಲರಿಗೂ ಕಾಫಿ ತರಿಸಿದರು.

ಲೋಟ ಹಿಡಿದುಕೊಂಡೇ ಗಂಗರತ್ನಮ್ಮನವರು ಕಿಟಕಿಯ ಹತ್ತಿರ ಹೋದರು. ಆಫೀಸರ ಗಡಿಬಿಡಿಯಲ್ಲಿ ಆ ದಿನ ಬೆಳಿಗ್ಗೆ ಯಾರೂ ಅತ್ತ ಸುಳಿದಿರಲಿಲ್ಲ. ಹಳದಿಯ ಕೊಳವೆಯನ್ನು ಬಿಚ್ಚುವುದು ಬಾಕಿಯಿತ್ತು. ಅದರ ಕೆಲಸ ಮುಗಿದಿದೆ ಎಂದೇ ಎಲ್ಲರೂ ತಿಳಿದಿದ್ದರು.

"ಇಲ್ಲಿ ನೋಡಿ," ಎಂದರು.

ಹಳದಿಯ ಆಚೆ ಸೀಸೆ ಮಬ್ಬಾಗಿತ್ತು. ಏನೂ ಬಿಡದ ಕಲ್ಲಿನ ಸೀಸೆ ಪಕ್ಕದಲ್ಲೇ, ಈಗಲೂ ತಿಳಿಯಾಗಿ ನಿಂತಿತ್ತು. ಮರುದಿನ ತಟ್ಟೆಯ ಮೇಲೆ ಎದ್ದ ಚುಕ್ಕೆಗಳು ಅರಿಶಿನದ ಬಣ್ಣದವು.

"ಈಜೋಕೆ ಬರಲ್ಲ ಅಂದ್ಯಲ್ಲಮ್ಮ," ಎಂದರು ನರಸಿಂಹಯ್ಯ.

"ಬರಲ್ಲ ಸಾರ್. ಈಗಷ್ಟೇ ಸೂಕ್ಷ್ಮದರ್ಶಕದಲ್ಲಿ ಮತ್ತೆ ನೋಡ್ದೆ. ಇದ್ದಲ್ಲೇ ನಡುಗ್ತವೆ ಅಷ್ಟೆ."

"ಮತ್ತೆ ಹೆಂಗ್ ಬಂತು?"

ಇಬ್ಬರೂ ತಾಜುದ್ದೀನನ ಕಡೆ ತಿರುಗಿದರು. ಅವನ ಹೊಸ ಸಮೀಕರಣದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಹಿಂದಿನವು ಹುಟ್ಟಿ ಹುಟ್ಟಿ ಮುಂದಿನವನ್ನು ನೂಕಿದವೋ? ಅವು ಬಿಡುವ ಗಾಳಿಗುಳ್ಳೆ ತಳ್ಳಿತೋ? ಅಥವಾ ಆ ನಡುಕವೇ ಸಾಕಾಯಿತೋ? ಅವನು ತಟ್ಟೆಯನ್ನು ಕೈಗೆ ತೆಗೆದುಕೊಂಡ. ಉತ್ತರ ತಿಳಿಯದೆ ಇಷ್ಟು ಹಗುರವಾಗಿ ನಿಂತದ್ದು ಅವನಿಗೆ ನೆನಪಿರಲಿಲ್ಲ.

"ಗೊತ್ತಿಲ್ಲ ಸಾರ್," ಎಂದ. "ಗಂಗರತ್ನಮ್ಮನವ್ರೇ, ಹಳದಿಗೂ ಒಂದು ಉದ್ದ ಕಲ್ಲು ಬೇಯಿಸ್ತೀರಾ?"